ಎರಡನೇ ಸ್ಲಾಟು

ಗುತ್ತಲಿನ ಈ ಮಹಡಿ ಕೋಣೆಗೆ ಶೀಟಿನ ಸೂರು.
ಏಪ್ರಿಲ್ಲಿನ ಮಧ್ಯಾಹ್ನ ಎರಡಕ್ಕೆ ಗೋಡೆ ಮುಟ್ಟಿದರೆ
ಯಾರದೋ ಜ್ವರದ ಹಣೆ ಮುಟ್ಟಿದ ಹಾಗೆ.
ಮೇಜಿನ ಕೆಳಗೆ, ಎರಡು ಇಟ್ಟಿಗೆಯ ಮೇಲೆ,
ಹಳೇ ಡಬ್ಬ ಕೂತು ಕರ್ನಲ್ ಕಟ್ಟುತ್ತಿದೆ.
ಎಂಟು ಕೆಲಸ ಒಟ್ಟಿಗೆ,
ಪರದೆಯ ಮೇಲೆ ಕಡತಗಳು ಇರುವೆಸಾಲು.
ಫ್ಯಾನು ಮೊದಲು ಗುನುಗಿ, ಆಮೇಲೆ ಕೂಗಿ,
ಕೊನೆಗೆ ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಣದಂತೆ ಅರಚಿ
ಠಪ್.
ಕಂಪೈಲರ್ ಸತ್ತಿತು. ಸಿಗ್ನಲ್ ಹನ್ನೊಂದು.

ಈ ವಾರ ಇದು ಏಳನೇ ಸಾವು.

ಮೊದಲು ಬೈದದ್ದು ಬಿಸಿಲನ್ನು.
ಪಕ್ಕದ ತಗಡು ಬಿಚ್ಚಿದೆ. ಹೀಟ್‌ಸಿಂಕಿನ ಹಲ್ಲುಸಂದಿಯಲ್ಲಿ
ಚಿಮಣಿಯಿಂದ ಹಾರಿಬಂದ ಕಪ್ಪು ಮಸಿ,
ನನ್ನದೇ ಎರಡು ಉದ್ದ ಕೂದಲು, ಒಂದು ಜಿರಲೆ ಮರಿ.
ಕುಂಚದಿಂದ ಗುಡಿಸಿದೆ. ಒಣಗಿ ಬಿರಿದ ಪೇಸ್ಟನ್ನು
ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು
ಹೆಸರುಕಾಳಿನಷ್ಟು ಇಟ್ಟು ಒತ್ತಿದೆ.
ತೊಂಬತ್ತೆಂಟಿದ್ದ ಡಿಗ್ರಿ ಎಪ್ಪತ್ತೊಂದಕ್ಕೆ ಇಳಿಯಿತು.
ಗೆದ್ದೆ ಅಂದುಕೊಂಡು ಟೀಗೆ ನೀರಿಟ್ಟೆ.
ನೀರು ಕುದಿಯುವ ಮೊದಲೇ
ಠಪ್.

ಕೆಳಮನೆಯ ಅಂಕಯ್ಯ ಮೆಟ್ಟಿಲು ಹತ್ತಿ ಬಂದ.
ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರು ಕಾದವನು,
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವನು.
"ಏನ್ ಪೂರ್ಣಿ, ನಿನ್ ಡಬ್ಬ ದಿನಾ ಕಿರುಚ್ತದೆ, ದಿನಾ ಸಾಯ್ತದೆ."
ಬಗ್ಗಿ ಬಲಗಿವಿ ಕೊಟ್ಟು ಕೇಳಿದ.
ಅಂಗೈಯ ಹಿಂಬದಿಯನ್ನು ತಗಡಿಗಿಟ್ಟ.
"ಇಷ್ಟ್ ಕಾವ್ಗೆ ಯಾವ್ದೂ ಸಾಯಲ್ಲ ಕಣವ್ವ.
ನಿಲ್ಲೋದು ಒಂದೇ ಜಾಗ್ದಲ್ಲಾ, ಬ್ಯಾರೆ ಬ್ಯಾರೆ ಜಾಗ್ದಲ್ಲಾ?"

ನಾನು ನೋಡಿಯೇ ಇರಲಿಲ್ಲ.

ಹಳೇ ಲಾಗುಗಳನ್ನು ಅವನೆದುರೇ ತೆಗೆದೆ.
ಸೋಮವಾರ ಸೌಂಡಿನ ಡ್ರೈವರು. ಮಂಗಳವಾರ ನೆಟ್‌ವರ್ಕಿನ ಕಡತ.
ಬುಧವಾರ ಎರಡು ಸಲ, ಎರಡು ಕಡೆ.
ಕೋಡು ತಪ್ಪಿದ್ದರೆ ದಿನವೂ ಅದೇ ಸಾಲಿನಲ್ಲಿ ಎಡವಬೇಕಿತ್ತು.
"ಒಂದೇ ಕಡೆ ಸೋರಿದ್ರೆ ಜಾಯಿಂಟ್ ನೋಡು,
ಕಂಡ್‌ಕಂಡ್ ಕಡೆ ಸೋರಿದ್ರೆ ನೀರ್ ನೋಡು," ಅಂದ.
"ನಿನ್ ಡಬ್ಬದಲ್ಲಿ ನೀರ್ ಯಾವ್ದು?"

ನೀರು ಯಾವುದು.
ಎಲ್ಲ ಕೆಲಸದೊಳಗೂ ಹಾದು ಹೋಗುವುದು,
ಯಾವ ಕೆಲಸದ್ದೂ ಆಗಿ ಉಳಿಯದ್ದು.
ರ‍್ಯಾಮು.

ರಾತ್ರಿ ಮೆಮೊರಿ ಪರೀಕ್ಷೆಗೆ ಹಚ್ಚಿ ಮಲಗಿದೆ.
ಬರೆ, ಓದು. ಬರೆ, ಓದು.
ಮನೆಮನೆಗೂ ಒಂದು ಕೊಟ್ಟು ಒಂದೇ ಎಂದು ಕೇಳುವುದು,
ಸೊನ್ನೆ ಕೊಟ್ಟು ಸೊನ್ನೆಯೇ ಎಂದು ಕೇಳುವುದು.
ಬೆಳಿಗ್ಗೆ ನೋಡಿದರೆ ಒಂದೂ ತಪ್ಪಿಲ್ಲ.
ಕಿಟಕಿಯಲ್ಲಿ ಗದ್ದೆ ಕಡೆಯ ಗಾಳಿ, ಡಬ್ಬ ಸಾಧುವಿನಂತೆ ತಣ್ಣಗೆ.
ತಂಪು ಹೊತ್ತಲ್ಲಿ ಕೇಳಿದರೆ
ಯಾರು ತಾನೆ ತಪ್ಪೊಪ್ಪುತ್ತಾರೆ.

ಮತ್ತೆ ಮಧ್ಯಾಹ್ನ ಎರಡಕ್ಕೆ, ಕಿಟಕಿ ಮುಚ್ಚಿ.
ಮೂರನೇ ಸುತ್ತಿನಲ್ಲಿ ಕೆಂಪು ಗೆರೆ:
ಒಂದು ಕೊಟ್ಟಿದ್ದೆ, ಸೊನ್ನೆ ಅಂದಿತು.
ಆರು ಸಾವಿರದ ಎಂಟುನೂರು ಕೋಟಿ ಮನೆಗಳಲ್ಲಿ
ಒಂದು ಮನೆ, ಕಾದಾಗ ಮಾತ್ರ.
ಎರಡನೇ ಸ್ಲಾಟಿನದನ್ನು ಕಿತ್ತು ಮೊದಲನೆಯದಕ್ಕೆ ಹಾಕಿದೆ,
ತಪ್ಪು ಅದರ ಹಿಂದೆಯೇ ಹೋಯಿತು.
ಸ್ಲಾಟಿನದೇನೂ ಇಲ್ಲ ಪಾಪ.

ಅಂಕಯ್ಯ ಆ ಹಸಿರು ಪಟ್ಟಿಯನ್ನು ಬೆಳಕಿಗೆ ಹಿಡಿದು
ತಿರುಗಿಸಿ ನೋಡಿದ, ಏನೂ ಕಾಣಲಿಲ್ಲ.
"ನಮ್ಮಲ್ಲೂ ಒಂದ್ ಗೇಜಿತ್ತು.
ಕಾದಾಗಷ್ಟೇ ಸುಳ್ ಹೇಳೋದು.
ಎರಡ್ ವರ್ಷ ನಾವು ರಾತ್ರಿ ಪಾಳಿ ಸಿದ್ದೇಗೌಡನ್ನ ಬೈದೋ."
ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಇಳಿದು ಹೋದ.
ಯಾಕೆಂದು ನಾನೂ ಕೇಳಲಿಲ್ಲ.

ಈಗ ಅರ್ಧ ಮೆಮೊರಿ. ಎಂಟಲ್ಲ, ಎರಡೇ ಕೆಲಸ.
ಸಂಜೆ ಕಳೆದು ಹನ್ನೊಂದಾಯಿತು,
ಕಡತಗಳು ಒಂದೊಂದೇ, ಸೊಸೈಟಿ ಮುಂದಿನ ಸಾಲಿನ ಹಾಗೆ.
ಫ್ಯಾನಿನ ಸದ್ದು ಉಸಿರಿನಷ್ಟು.
ಕೆಳಗಿನಿಂದ ಗಾಬರಿಯ ದನಿ:
"ಪೂರ್ಣೀ, ನಿಂತೋಯ್ತಾ?"
"ಇಲ್ಲ ಮಾವ, ನಡೀತಾ ಅದೆ."
"ಆಂ?"
ಅವನ ಬಲಗಿವಿಗೆ ಕೇಳಲೆಂದು
ಮೆಟ್ಟಿಲ ತುದಿಗೆ ಬಂದು ಕೂಗಿದೆ, ನಡೀತಾ ಅದೆ.